ಎಂಜಿನ್ ಹೊರುವ ನಾಲ್ಕು ಬೋಲ್ಟು

ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ದಾರಿ ಮೂವತ್ತು ಕಿಲೋಮೀಟರಿನ ಆಸುಪಾಸು, ಏರು ಸಾವಿರ ಮೀಟರಿಗೂ ಮೇಲೆ. ಈ ಘಾಟಿಯಲ್ಲಿ ದಿನಾ ದುಡಿಯುವ ಜೀಪಿನ ಎಂಜಿನ್ನಿಗೆ ಬಯಲುಸೀಮೆಯ ಗಾಡಿಗಿರುವ ಆಯಸ್ಸು ಇರುವುದಿಲ್ಲ. ಒಂದನೇ ಗೇರು, ಎರಡನೇ ಗೇರಿನಲ್ಲೇ ಕಾದು ಕಾದು ಹತ್ತಿ ಮೊದಲು ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಆಮೇಲೆ ರಿಂಗು ಸವೆಯುತ್ತದೆ, ಕೊನೆಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರತೊಡಗುತ್ತದೆ. ಗೂಡಲೂರು, ದೇವಾಲ, ಪಂದಲೂರಿನ ಕಡೆ ಟೀ ತೋಟಗಳಲ್ಲಿ ಓಡುವ ಜೀಪುಗಳಿಗೆ ಇದರ ಮೇಲೆ ಮಳೆಯ ಕಾಟ. ದೇವಾಲದಂಥ ಊರಿನ ಮಳೆಗಾಲ ಕಳೆದ ಗಾಡಿಯಲ್ಲಿ ಒಂದು ಬೋಲ್ಟೂ ನೆಟ್ಟಗೆ ಬಿಚ್ಚುವುದಿಲ್ಲ. ಹಾಗಾಗಿ ಈ ಸೀಮೆಯ ಗ್ಯಾರೇಜುಗಳಲ್ಲಿ ಎಂಜಿನ್ ಇಳಿಸುವುದು ದೊಡ್ಡ ಸುದ್ದಿಯಲ್ಲ, ವಾರದ ಕೆಲಸ.

ಇಳಿಸಿದ ಎಂಜಿನ್ನನ್ನು ಎಲ್ಲಿಡುವುದು ಎಂಬಲ್ಲಿಂದ ನನ್ನ ಮಾತು ಶುರು. ಬಹಳ ಕಾಲ ಇದಕ್ಕೆ ಉತ್ತರ ಹಳೆಯ ಲಾರಿ ಟೈರು. ನೆಲದ ಮೇಲೆ ಟೈರು, ಟೈರಿನ ಮೇಲೆ ಎಂಜಿನ್. ಹೆಡ್ ಬಿಚ್ಚುವವರೆಗೆ ತೊಂದರೆ ಇಲ್ಲ. ಸಂಪ್ ತೆಗೆದು ಕ್ರ್ಯಾಂಕಿಗೆ ಕೈ ಹಾಕಬೇಕು ಅನ್ನುವಾಗ ಅದನ್ನು ಮಗುಚಬೇಕಲ್ಲ, ಆಗ ನಾಲ್ಕು ಜನ ಬೇಕು. ಎರಡು ಆಳು ತೂಕದ ಎರಕದ ಕಬ್ಬಿಣ ಎಣ್ಣೆ ಮೆತ್ತಿದ ಕೈಗಳಲ್ಲಿ ಹೊರಳುವಾಗ ಬೆರಳು ಅಪ್ಪಚ್ಚಿಯಾಗುವುದು ಎಂಥ ಅಪರೂಪದ ಸಂಗತಿಯೂ ಅಲ್ಲ. ಇದಕ್ಕೆಲ್ಲ ಪರಿಹಾರ ಎಂಜಿನ್ ಸ್ಟ್ಯಾಂಡು. ಗಾಲಿಯ ಮೇಲೊಂದು ಕಬ್ಬಿಣದ ಅಡಿಪಾಯ, ಅದಕ್ಕೊಂದು ಗಟ್ಟಿ ಕಂಬ, ಕಂಬದ ತುದಿಯಲ್ಲಿ ತಿರುಗುವ ತಲೆ, ತಲೆಗೆ ನಾಲ್ಕು ತೋಳು. ಆ ತೋಳುಗಳಿಗೆ ಎಂಜಿನ್ನಿನ ಬೆನ್ನನ್ನು, ಅಂದರೆ ಗೇರ್‌ಬಾಕ್ಸ್ ಕೂರುವ ಮುಖವನ್ನು, ಬೋಲ್ಟ್ ಹಾಕಿ ಬಿಗಿದರೆ ಒಬ್ಬನೇ ಮನುಷ್ಯ ಅದನ್ನು ಬೇಕಾದ ಕಡೆ ತಿರುಗಿಸಿ ಕೆಲಸ ಮಾಡಬಹುದು. ಕೊಯಮತ್ತೂರಿನಿಂದ ಕೊಂಡು ತಂದ ಸ್ಟ್ಯಾಂಡುಗಳೂ ಇವೆ, ಪೈಪು ಕತ್ತರಿಸಿ ಇಲ್ಲೇ ವೆಲ್ಡಿಂಗ್ ಮಾಡಿಕೊಂಡವೂ ಇವೆ. ಇವೆರಡರ ಜೊತೆಗೂ ಬಾರದ್ದು ಒಂದೇ: ಆ ನಾಲ್ಕು ಬೋಲ್ಟು.

ಗೇರ್‌ಬಾಕ್ಸಿನಿಂದ ಬಿಚ್ಚಿದ ಬೋಲ್ಟು ಕೈಯಲ್ಲೇ ಇದೆಯಲ್ಲ, ಅದನ್ನೇ ಹಾಕಿದರಾಯಿತು ಅನಿಸುತ್ತದೆ. ಹಾಕಿ ನೋಡಿದರೆ ಸಾಲುವುದಿಲ್ಲ. ಗೇರ್‌ಬಾಕ್ಸಿನ ಅಂಚಿನ ದಪ್ಪ ಬೆರಳಿನಷ್ಟು, ಸ್ಟ್ಯಾಂಡಿನ ತೋಳಿನ ತುದಿಯ ಕೊಳವೆ ಅದರ ಮೂರು ನಾಲ್ಕು ಪಟ್ಟು. ಗಾಡಿಯ ಬೋಲ್ಟು ಆ ಕೊಳವೆ ದಾಟಿ ಎಂಜಿನ್ ಬ್ಲಾಕನ್ನು ಮುಟ್ಟುವುದೇ ಇಲ್ಲ; ಮುಟ್ಟಿದರೂ ಎರಡು ಸುತ್ತು ಹಿಡಿಯುತ್ತದೆ ಅಷ್ಟೆ. ಸ್ಟ್ಯಾಂಡ್ ಮಾಡಿದವನಿಗೆ ಅದರ ಮೇಲೆ ಯಾವ ಎಂಜಿನ್ ಏರುತ್ತದೆ ಎಂದು ಗೊತ್ತಿರುವುದಿಲ್ಲ, ಹಾಗಾಗಿ ಅವನೂ ಕೊಡುವುದಿಲ್ಲ. ಹೀಗೆ ಗಾಡಿಗೂ ಸೇರದ, ಸ್ಟ್ಯಾಂಡಿಗೂ ಸೇರದ ನಾಲ್ಕು ಬೋಲ್ಟನ್ನು ಹುಡುಕಿ ತರುವ ಹೊಣೆ ಮೆಕ್ಯಾನಿಕ್ಕಿನ ತಲೆಗೆ ಬೀಳುತ್ತದೆ. ಚೈನ್ ಬ್ಲಾಕಿನಲ್ಲಿ ಎಂಜಿನ್ ತೂಗುತ್ತಿರುವಾಗಲೇ ಇದೆಲ್ಲ ನೆನಪಾಗುವುದು. ಆಗ ಡಬ್ಬಿ ಬಗ್ಗಿಸಿ ಕೈಗೆ ಸಿಕ್ಕಿದ್ದನ್ನು ಹಾಕುವ ಆಸೆ ಬರುತ್ತದೆ.

ಆ ಡಬ್ಬಿಯಲ್ಲಿ ಇರುವುದು ನಾಲ್ಕಾರು ದೇಶಗಳ ಬೋಲ್ಟು ಎಂಬುದೇ ಇಲ್ಲಿನ ಕಷ್ಟದ ಬೇರು.

ನೀಲಗಿರಿಯ ಹಳೆಯ ಜೀಪುಗಳಲ್ಲಿ ವಿಲ್ಲೀಸ್ ವಂಶದ್ದು ಅಮೆರಿಕದ ಇಂಚಿನ ಲೆಕ್ಕ. ಮಹೀಂದ್ರದವರು 1949ರಲ್ಲಿ ಮುಂಬೈನ ಮಜಗಾಂವ್‌ನಲ್ಲಿ ಜೋಡಿಸಲು ಆರಂಭಿಸಿದ್ದು ಈ ಗಾಡಿಗಳನ್ನು. ಮುಂದೆ ಡೀಸೆಲ್ ಬಂತು. ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90, 2112 ಸಿಸಿ. ನಮ್ಮ ಕಡೆಯ ಎಂಎಂ 540 ಜೀಪುಗಳನ್ನು ಬೆಟ್ಟ ಹತ್ತಿಸಿದ್ದು ಇದೇ ಎಂಜಿನ್. ಇದು ಮಿಲಿಮೀಟರಿನ ಲೆಕ್ಕದ್ದು. ಮೈಯೆಲ್ಲ ಇಂಚಿನ ವಂಶ, ಎದೆ ಮಾತ್ರ ಮಿಲಿಮೀಟರು. ಅಂಬಾಸಿಡರಿನ ಕತೆಯೂ ಹೀಗೇ. ಹಳೆಯದರಲ್ಲಿ ಬ್ರಿಟಿಷ್ ಬಿ ಸೀರೀಸ್‌ನ 1489 ಸಿಸಿ ಎಂಜಿನ್ ಇತ್ತು, ಇಂಚಿನ ಥ್ರೆಡ್ಡು. 1990ರ ದಶಕದಲ್ಲಿ ಅದೇ ಗಾಡಿಗೆ ಇಸುಜುವಿನ 1.8 ಲೀಟರ್ ಎಂಜಿನ್ ಬಂದಾಗ ಥ್ರೆಡ್ಡು ಜಪಾನಿನದಾಯಿತು. ಫಿಯೆಟ್ ಇಟಲಿಯದು, ಮೊದಲಿಂದಲೂ ಮಿಲಿಮೀಟರು. ಮಾರುತಿಯೂ ಮಿಲಿಮೀಟರೇ, ಆದರೆ ಜಪಾನಿನವರಿಗೆ ಸಣ್ಣ ಪಿಚ್ಚಿನ ಮೇಲೆ ಒಲವು: ಯುರೋಪಿನ 10 ಮಿ.ಮೀ. ಬೋಲ್ಟಿನಲ್ಲಿ ಥ್ರೆಡ್ಡಿನಿಂದ ಥ್ರೆಡ್ಡಿಗೆ ಸಾಮಾನ್ಯವಾಗಿ 1.5 ಮಿ.ಮೀ. ಇದ್ದರೆ ಇವರದರಲ್ಲಿ 1.25.

ಇಷ್ಟೂ ಬಗೆ ಯಾಕೆ ಹುಟ್ಟಿದವು ಎಂಬುದಕ್ಕೆ ಉದ್ದದ ಚರಿತ್ರೆಯಿದೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನ ಕಾರ್ಖಾನೆಗಳಿಗೆಲ್ಲ ಒಂದೇ ಥ್ರೆಡ್ಡು ಇರಲಿ ಎಂದು ಒಂದು ಪದ್ಧತಿ ಮುಂದಿಟ್ಟ. ಅದರ ಹಲ್ಲಿನ ಕೋನ 55 ಡಿಗ್ರಿ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯದು ಮಾಡುವುದಕ್ಕೆ ಸುಲಭ ಎಂದ, ಅಮೆರಿಕ ಅವನ ಹಿಂದೆ ಹೋಯಿತು. 1898ರಲ್ಲಿ ಜ್ಯೂರಿಕ್‌ನಲ್ಲಿ ಸೇರಿದ ಯುರೋಪಿನವರು ಮೆಟ್ರಿಕ್ ಥ್ರೆಡ್ಡನ್ನು ಒಪ್ಪಿಕೊಂಡರು. ಎರಡನೇ ಮಹಾಯುದ್ಧದಲ್ಲಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ ಮಾಡಬೇಕಾಗಿ ಬಂದಾಗ ಬ್ರಿಟಿಷ್ ಥ್ರೆಡ್ಡು ಕತ್ತರಿಸುವ ಟ್ಯಾಪುಗಳು ಆ ದೇಶದಲ್ಲಿ ಸಿಗದೆ ಕಂಪನಿಯೇ ಅವನ್ನೂ ತಯಾರಿಸಿಕೊಂಡಿತು. ಆ ಪಾಠದ ಫಲವಾಗಿ 1948ರ ನವೆಂಬರ್ 18ರಂದು ಅಮೆರಿಕ, ಬ್ರಿಟನ್, ಕೆನಡಾ ಮೂರೂ ವಾಷಿಂಗ್ಟನ್‌ನಲ್ಲಿ ಸಹಿ ಹಾಕಿ ‘ಯುನಿಫೈಡ್’ ಥ್ರೆಡ್ಡನ್ನು ಒಪ್ಪಿದವು. ಅಂಬಾಸಿಡರಿನ ಹಳೆಯ ಎಂಜಿನ್ನಿನಲ್ಲಿ ಇರುವುದು ಈ ಒಪ್ಪಂದದ ಮೇಲಿನ ಥ್ರೆಡ್ಡೇ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಹಳೆಯ ಮಾರಿಸ್ ಎಂಜಿನ್ನು. ಮೊದಲ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು, ಯಂತ್ರಗಳೆಲ್ಲ ಮೆಟ್ರಿಕ್. 1923ರಲ್ಲಿ ವಿಲಿಯಂ ಮಾರಿಸ್ ಅದನ್ನು ಕೊಂಡುಕೊಂಡ. ಯಂತ್ರ ಬದಲಿಸುವುದು ದುಬಾರಿ, ಊರಿನ ಮೆಕ್ಯಾನಿಕ್ಕುಗಳ ಕೈಯಲ್ಲಿ ಇದ್ದದ್ದು ವಿಟ್‌ವರ್ತ್ ಪಾನಾಗಳು. ಹಾಗಾಗಿ ಥ್ರೆಡ್ಡು ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಪಾನಾಕ್ಕೆ ಹೊಂದುವಂಥ ಬೋಲ್ಟು ಮಾಡಿದರು. ಅದೇ ಪರಂಪರೆಯ ಎಂಜಿನ್ ಇದ್ದ ಮಾರಿಸ್ ಟೆನ್ ನಮ್ಮ ದೇಶದಲ್ಲಿ ಹಿಂದುಸ್ತಾನ್ 10 ಎಂಬ ಹೆಸರಿನಲ್ಲಿ ಓಡಿತು. ಅಂಥ ಹಳೆಯ ಕಾರನ್ನು ಎಬ್ಬಿಸಲು ಹೊರಟವರು ಒಂದು ಮಾತು ನೆನಪಿಡಬೇಕು: ಪಾನಾ ಸರಿಯಾಗಿ ಕೂತಿತು ಎಂದಮಾತ್ರಕ್ಕೆ ಥ್ರೆಡ್ಡು ತಿಳಿಯಿತು ಎಂದುಕೊಳ್ಳುವ ಹಾಗಿಲ್ಲ.

ತಪ್ಪು ಬೋಲ್ಟು ತಪ್ಪೆಂದು ತಾನೇ ಹೇಳಿದರೆ ಚಿಂತೆಯಿಲ್ಲ. 1.5 ಪಿಚ್ಚಿನ ತೂತಿಗೆ 1.25ರ ಬೋಲ್ಟು ಹಾಕಿದರೆ ಸುತ್ತು ಎರಡಾಗುವಷ್ಟರಲ್ಲಿ ಅದು ಕಚ್ಚಿ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ಮೋಸ ಮಾಡುವುದು 3/8 ಇಂಚಿನದು. ಅದರ ಮೈ 9.525 ಮಿ.ಮೀ., ಅಂದರೆ 10 ಮಿ.ಮೀ.ಗಿಂತ ಕೂದಲಷ್ಟು ಸಣ್ಣದು. ಇಂಚಿಗೆ 16 ಹಲ್ಲಿನ ದಪ್ಪ ಥ್ರೆಡ್ಡಿನದಾದರೆ ಅದರ ಪಿಚ್ಚು 1.59 ಮಿ.ಮೀ., ತೂತಿನದು 1.5. ಹತ್ತಿರ ಹತ್ತಿರ ಒಂದೇ. ಗೂಡಲೂರಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ ಏರಿಸುವುದನ್ನು ನೋಡುತ್ತ ನಿಂತಿದ್ದಾಗ ಇದು ಕಣ್ಣೆದುರೇ ನಡೆಯಿತು. ಹುಡುಗ ಡಬ್ಬಿಯಿಂದ ಆರಿಸಿದ ಬೋಲ್ಟನ್ನು ಬ್ಲಾಕಿಗೆ ಇಟ್ಟು ಬೆರಳಲ್ಲೇ ತಿರುಗಿಸಿದ. ಸಲೀಸಾಗಿ ಹೋಯಿತು. ಆಮೇಲೆ ಬಿಗಿಯಾಯಿತು, ಕೈ ಪಾನಾದ ಕಡೆ ಹೋಯಿತು.

“ಅಣ್ಣಾ, ಕೂತ್ಕೊಂಡಿತು” ಅಂದ.

“ಕೈಯಲ್ಲಿ ಎಷ್ಟು ಸುತ್ತು ಹೋಯ್ತು?” ಹಿರಿಯ ಮೆಕ್ಯಾನಿಕ್ ಕೇಳಿದರು.

“ನಾಲ್ಕೈದು.”

“ಅಲ್ಲಾಡ್ಸಿ ನೋಡು.”

ಹುಡುಗ ತಲೆ ಹಿಡಿದು ಅಲುಗಿಸಿದ. ಬೋಲ್ಟು ಅತ್ತಿತ್ತ ವಾಲಿತು, ತೂತಿನಲ್ಲಿ ಟಿಕ್ ಟಿಕ್ ಎಂದಿತು.

“ತೆಗಿ ಆಚೆ, ತಮ್ಮಾ. ಸರಿಯಾದ್ದು ಆಗಿದ್ರೆ ಕೊನೇವರ್ಗೂ ಬೆರಳಲ್ಲೇ ಹೋಗತ್ತೆ, ಅಲ್ಲಾಡಲ್ಲ.”

ಆ ಹಿರಿಯರು ಹೇಳಿದ್ದರಲ್ಲಿ ಇಡೀ ವಿದ್ಯೆಯಿದೆ. ತೆಗೆದ ಬೋಲ್ಟನ್ನು ಅವರು ಗೇರ್‌ಬಾಕ್ಸಿನಿಂದ ಬಂದ ಅಸಲಿ ಬೋಲ್ಟಿನ ಪಕ್ಕಕ್ಕೆ ಒತ್ತಿ, ಹಲ್ಲಿಗೆ ಹಲ್ಲು ಕೂರಿಸಿ, ಬೆಳಕಿಗೆ ಎತ್ತಿ ಹಿಡಿದು ತೋರಿಸಿದರು. ಒಂದು ತುದಿಯಲ್ಲಿ ಹಲ್ಲುಗಳು ಒಂದರೊಳಗೊಂದು ಕೂತಿದ್ದವು. ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನಡುವೆ ಬೆಳಕು ನುಸುಳುತ್ತಿತ್ತು. ಸರಿಯಾದ ಜೋಡಿಯಾಗಿದ್ದರೆ ಉದ್ದಕ್ಕೂ ಬೆಳಕೇ ಕಾಣಬಾರದು. ಪಾನಾ ಹಾಕಿ ಎಳೆದಿದ್ದರೆ ಆ ಬೋಲ್ಟು ಇನ್ನೂ ಒಳಗೆ ಹೋಗುತ್ತಿತ್ತು, ಬ್ಲಾಕಿನ ಹಲ್ಲನ್ನು ಕೆರೆದುಕೊಂಡು. ಬೋಲ್ಟು ಹಾಳಾದರೆ ಹತ್ತಾರು ರೂಪಾಯಿಯ ಮಾತು. ಬ್ಲಾಕಿನ ಥ್ರೆಡ್ಡು ಹೋದರೆ ಲೇತಿನವನ ಬಾಗಿಲು ಕಾಯಬೇಕು.

ಅಸಲಿ ಬೋಲ್ಟೇ ಇಲ್ಲದ ಗಾಡಿಗಳ ಪಾಡು ಬೇರೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ, ನಡುವೆ ಲೇತಿನಲ್ಲಿ ಮಾಡಿಸಿದ ಪ್ಲೇಟು ಹಾಕಿ ಓಡಿಸುವ ಗಾಡಿಗಳು ಬೆಟ್ಟದಲ್ಲಿ ಬೇಕಾದಷ್ಟಿವೆ. ಅಂಥದರಲ್ಲಿ ಯಾವ ಕಾಲದಲ್ಲೋ ಯಾರೋ ಒಂದು ತೂತಿಗೆ ಹೊಸ ಟ್ಯಾಪು ಹೊಡೆದಿರುತ್ತಾರೆ. ಮೂರು ಮೆಟ್ರಿಕ್, ಒಂದು ಇಂಚು. ಆದ್ದರಿಂದ ಒಂದು ತೂತು ಅಳೆದು ನಾಲ್ಕು ಬೋಲ್ಟು ತರುವುದು ಇಲ್ಲಿ ನಡೆಯುವುದಿಲ್ಲ. ಪ್ರತಿ ತೂತನ್ನೂ ಬೇರೆ ಬೇರೆಯಾಗಿ ನೋಡಬೇಕು. ಪಿಚ್ ಗೇಜ್ ಎಂಬ ಸಾಧನ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು, ಚಾಕುವಿನ ಹಾಗೆ ಬಿಚ್ಚುವ ಹಲ್ಲಿನ ಎಲೆಗಳು. 60 ಡಿಗ್ರಿ ಮೆಟ್ರಿಕ್ಕಿನದು ಒಂದು, 55 ಡಿಗ್ರಿ ವಿಟ್‌ವರ್ತಿನದು ಒಂದು, ಎರಡೂ ಇರಬೇಕು. ಇಷ್ಟು ಅಗ್ಗದ ಸಾಮಾನು ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅದಿಲ್ಲದಿದ್ದರೆ ಬೋಲ್ಟನ್ನು ಎಣ್ಣೆ ಮಸಿ ಮಾಡಿ ಬಿಳಿ ಕಾಗದದ ಮೇಲೆ ಒತ್ತಿ ಉರುಳಿಸಿ, ಒಂದು ಇಂಚಿನಲ್ಲಿ ಎಷ್ಟು ಗೆರೆ ಬಿದ್ದವು ಎಂದು ಎಣಿಸಬಹುದು. 3/8 ಇಂಚಿನದರಲ್ಲಿ 16 ಗೆರೆ ಬಿದ್ದರೆ ದಪ್ಪ ಥ್ರೆಡ್ಡು, 20 ಬಿದ್ದರೆ ಬ್ರಿಟಿಷರ ಸಣ್ಣ ಥ್ರೆಡ್ಡು, 24 ಬಿದ್ದರೆ ಯುನಿಫೈಡ್ ಸಣ್ಣದು.

ಥ್ರೆಡ್ಡು ಗೊತ್ತಾದ ಮೇಲೆ ಉದ್ದ. ಇದರಲ್ಲಿ ಎಡವುವವರೇ ಹೆಚ್ಚು, ಯಾಕೆಂದರೆ ಉದ್ದ ಜಾಸ್ತಿಯಿದ್ದರೆ ಭದ್ರ ಎಂಬ ನಂಬಿಕೆ. ಬ್ಲಾಕಿನ ತೂತು ಎಷ್ಟೋ ಕಡೆ ಆಚೆ ತೆರೆದಿರುವುದಿಲ್ಲ, ತಳ ಮುಚ್ಚಿರುತ್ತದೆ. ಒಂದು ಹಿಡಿಕಡ್ಡಿ ಇಳಿಸಿ ಉಗುರಲ್ಲಿ ಗುರುತು ಹಿಡಿದು ಅಳೆದರೆ ಆಳ ಸಿಗುತ್ತದೆ. ಆಳ 24 ಮಿ.ಮೀ., ತೋಳಿನ ಕೊಳವೆ 50, ವಾಷರ್ 2.5 ಅಂದುಕೊಳ್ಳಿ. 70ರ ಬೋಲ್ಟು ಹಾಕಿದರೆ 17.5 ಮಿ.ಮೀ. ಬ್ಲಾಕಿನೊಳಗೆ ಹಿಡಿಯುತ್ತದೆ. ಎರಕದ ಕಬ್ಬಿಣಕ್ಕೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಹಿಡಿದರೆ ಸಾಕು, 10 ಮಿ.ಮೀ.ಗೆ 15, ಅಲ್ಯೂಮಿನಿಯಂ ಬ್ಲಾಕಿಗೆ ಎರಡು ಪಟ್ಟು ಬೇಕು. ಭದ್ರವಾಗಲಿ ಎಂದು 80ರದ್ದು ಹಾಕಿದಿರೋ, ಅದು ತಳಕ್ಕೆ ಹೋಗಿ ಗುದ್ದುತ್ತದೆ. ಪಾನಾಕ್ಕೆ ಬಿಗಿ ಅನಿಸುತ್ತದೆ, ತೋಳು ಮಾತ್ರ ಸಡಿಲ. ಇನ್ನೂ ಎಳೆದರೆ ಬ್ಲಾಕು ಬಿರಿಯುತ್ತದೆ. ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರೂ ಇದೇ ಗತಿ: ಎಣ್ಣೆ ಒತ್ತಿಕೊಳ್ಳುವುದಿಲ್ಲ, ಬೋಲ್ಟಿನ ಒತ್ತಡವನ್ನೆಲ್ಲ ಬ್ಲಾಕಿನ ಗೋಡೆಗೆ ದಾಟಿಸುತ್ತದೆ. ಕಂಪ್ರೆಸರಿನ ಗಾಳಿ ಹೊಡೆದು ತೂತು ಒಣಗಿಸದೆ ಬೋಲ್ಟು ಇಡಬಾರದು.

ಅಂಬಾಸಿಡರಿನ ಹಳೆಯ ಎಂಜಿನ್ನಿನ ಹಾಗೆ ಬೆನ್ನಿಗೆ ಒಂದು ಪ್ಲೇಟು ಇರುವ ಎಂಜಿನ್ನುಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಭಾರವನ್ನು ಬ್ಲಾಕು ಹೊರಬೇಕು, ಪ್ಲೇಟಿನ ಅಂಚಿಗೆ ತೂಗುಹಾಕುವಂತಿಲ್ಲ. ಕ್ಲಚ್ಚು, ಫ್ಲೈವೀಲು ಚೈನಿನಲ್ಲಿ ತೂಗುತ್ತಿರುವಾಗಲೇ ಬಿಚ್ಚಿಬಿಡಬೇಕು. ಒಮ್ಮೆ ಸ್ಟ್ಯಾಂಡು ಏರಿದ ಮೇಲೆ ಆ ಕಡೆಗೆ ಕೈ ಹೋಗುವುದಿಲ್ಲ.

ಬೋಲ್ಟಿನ ಗಟ್ಟಿತನದ ವಿಷಯಕ್ಕೆ ಬರೋಣ. ಎಂಜಿನ್ನಿನ ತೂಕ 180 ಕಿಲೋ, ಅದರ ತೂಕದ ನಡುಬಿಂದು ಬ್ಲಾಕಿನ ಬೆನ್ನಿನಿಂದ 35 ಸೆಂ.ಮೀ. ಮುಂದೆ, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 25 ಸೆಂ.ಮೀ. ಎಂದಿಟ್ಟುಕೊಂಡರೆ ಮೇಲಿನ ಎರಡು ಬೋಲ್ಟುಗಳ ಮೇಲೆ ಒಟ್ಟು 250 ಕಿಲೋದಷ್ಟು ಎಳೆತ. ತಲೆಯ ಮೇಲೆ 8.8 ಎಂದು ಅಚ್ಚಾದ ಒಂದೇ 10 ಮಿ.ಮೀ. ಬೋಲ್ಟು ಮೂರು ಟನ್ನಿಗೂ ಹೆಚ್ಚು ಎಳೆತ ತಡೆಯುತ್ತದೆ. ಹಾಗಾದರೆ ಭಯ ಯಾಕೆ? ನೇರ ಎಳೆತಕ್ಕೆ ಬೋಲ್ಟು ಕಡಿಯುವುದು ಅಪರೂಪ. ಹೋಗುವುದು ಹಿಡಿತ: ಎರಡೇ ಸುತ್ತು ಹಿಡಿದ ಥ್ರೆಡ್ಡು ಕಿತ್ತು ಬರುತ್ತದೆ. ಇಲ್ಲವೇ ತೋಳು ಬ್ಲಾಕಿಗೆ ಒತ್ತಿ ಕೂರದೆ ನಡುವೆ ಸಂದು ಉಳಿದಿದ್ದರೆ ಬೋಲ್ಟು ಬಾಗುತ್ತದೆ, ಎಂಜಿನ್ ತಿರುಗಿಸಿದ ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ. ಮೆತು ಕಬ್ಬಿಣದ ಬೋಲ್ಟು ಸೋಲುವುದು ಅಲ್ಲೇ. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟು, ಗೇಟು ಕಿಟಕಿಗೆ ಬಳಸುವ ಥ್ರೆಡ್ ರಾಡು ಕತ್ತರಿಸಿ ಮಾಡಿದ ತುಂಡು, ಗುಜರಿಯಲ್ಲಿ ಸಿಕ್ಕ ಹಿಗ್ಗಿದ ಬೋಲ್ಟು, ಇವು ಮೂರೂ ಈ ಕೆಲಸಕ್ಕೆ ಬೇಡ. ಮೆಟ್ರಿಕ್ಕಿನಲ್ಲಿ 8.8 ಅಥವಾ 10.9, ಇಂಚಿನಲ್ಲಿ ತಲೆಯ ಮೇಲೆ ಮೂರು ಗೆರೆಯಿದ್ದರೆ ಗ್ರೇಡ್ 5, ಆರು ಗೆರೆಯಿದ್ದರೆ ಗ್ರೇಡ್ 8.

ಅಂಗಡಿಗೆ ಹೋದಾಗ ಇಷ್ಟನ್ನೂ ಬಾಯಲ್ಲಿ ಹೇಳಬೇಕು. ‘ಮೂರು ನೂಲ್ ಬೋಲ್ಟು ಕೊಡಿ’ ಅಂದರೆ ಊಟಿಯ ಅಂಗಡಿಯವರು 3/8 ಇಂಚಿನದು ಕೊಡುತ್ತಾರೆ. ಥ್ರೆಡ್ಡು ಯಾವುದು ಎಂದು ನೀವು ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ಹೈಟೆನ್ಷನ್ ಬೋಲ್ಟು’ ಎಂದು ಕೇಳಿದರೆ ಗಟ್ಟಿಯದು ಸಿಗುತ್ತದೆ, ಪಿಚ್ಚು ಅವರ ಹತ್ತಿರ ಏನಿದೆಯೋ ಅದು. ಮೆಟ್ರಿಕ್ಕಿನ ಸಾಮಾನ್ಯ ಪಿಚ್ಚು ಗೂಡಲೂರಿನಲ್ಲೇ ಸಿಕ್ಕೀತು. ಇಂಚಿನ ಸಣ್ಣ ಥ್ರೆಡ್ಡಿನಲ್ಲಿ 75, 80 ಮಿ.ಮೀ.ಗೆ ಸಮನಾದ ಉದ್ದ ಬೇಕೆಂದರೆ ಬೆಟ್ಟದಲ್ಲಿ ಸಿಗುವುದು ಕಷ್ಟ. ಕೊಯಮತ್ತೂರಿಗೆ ಇಳಿಯಬೇಕು, ಇಲ್ಲ ಮೈಸೂರಿಗೆ ಹೋಗಬೇಕು, ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಮಸಿನಗುಡಿಯವರಿಗೆ ಮೈಸೂರು ನೂರು ಕಿಲೋಮೀಟರಿನ ಆಸುಪಾಸು. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ 2009ರಿಂದ ಮುಚ್ಚುತ್ತದೆ. ತಪ್ಪು ಬೋಲ್ಟು ತಂದರೆ ಇನ್ನೊಂದು ದಿನವೇ ಹೋಯಿತು. ಅದಕ್ಕೇ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, ಅಸಲಿ ಬೋಲ್ಟನ್ನೂ ಜೇಬಿಗೆ ಹಾಕಿಕೊಂಡು ಹೋಗುವುದು ಲೇಸು. ಅಂಗಡಿಯಲ್ಲಿ ಅದರದೇ ನಟ್ಟು ಕೇಳಿ, ಹೊಸ ಬೋಲ್ಟಿಗೂ ಹಳೆಯದಕ್ಕೂ ಅದೇ ನಟ್ಟು ಬೆರಳಲ್ಲಿ ಕೊನೆಯವರೆಗೆ ಓಡುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಬೇಕು.

ಗಾಡಿಯ ಮಾಲೀಕರಿಗೂ ಒಂದು ಮಾತು ಹೇಳಬೇಕು. ರೀಬೋರಿಗೆ, ಪಿಸ್ಟನ್ನಿಗೆ ಸಾವಿರಗಟ್ಟಲೆ ಎಣಿಸುವವರು ಬಿಲ್ಲಿನಲ್ಲಿ ‘ಸ್ಟ್ಯಾಂಡ್ ಬೋಲ್ಟು’ ಎಂದು ಕಂಡರೆ ಅದು ನನ್ನ ಗಾಡಿಗೆ ಹಾಕುವುದಲ್ಲವಲ್ಲ ಎಂದು ಕಾಟು ಹಾಕುತ್ತಾರೆ. ಗ್ಯಾರೇಜಿನವರು ಡಬ್ಬಿಗೆ ಕೈ ಹಾಕುವುದಕ್ಕೆ ಒಂದು ಕಾರಣ ಇದು. ಆ ಎಂಜಿನ್ನಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಕ್ರ್ಯಾಂಕಿನ ಕ್ಯಾಪು ಬಿಗಿಯುವವನು ಸಾಮಾನ್ಯವಾಗಿ ಗ್ಯಾರೇಜಿನ ಅತಿ ಕಿರಿಯ ಹುಡುಗ. ಅವನ ಮೊಣಕಾಲಿಗೂ ಆ 180 ಕಿಲೋಗೂ ನಡುವೆ ಇರುವುದು ಈ ನಾಲ್ಕೇ ಬೋಲ್ಟು. ಮಾಲೀಕರು ಆ ದುಡ್ಡು ಕೊಡಬೇಕು. ಗ್ಯಾರೇಜಿನವರು ಕೇಳಬೇಕು, ಮುಜುಗರ ಬೇಡ.

ಬೋಲ್ಟು ಬಂದ ಮೇಲಿನ ಕೆಲಸ ಚಿಕ್ಕದು, ಆದರೆ ಅವಸರಕ್ಕೆ ಆಗುವಂಥದಲ್ಲ. ತೋಳುಗಳನ್ನು ತಲೆಯಲ್ಲಿ ಸಡಿಲ ಬಿಟ್ಟು, ಮೊದಲು ಬ್ಲಾಕಿನ ಕಡೆ ನಾಲ್ಕೂ ಬೋಲ್ಟನ್ನು ಬೆರಳಲ್ಲಿ ಪೂರ್ತಿ ತಿರುಗಿಸಿ, ತೋಳು ಬ್ಲಾಕಿಗೆ ಸಪಾಟಾಗಿ ಕೂತ ಮೇಲೆ ಮೂಲೆಯಿಂದ ಮೂಲೆಗೆ ಬಿಗಿಯಬೇಕು. ತಲೆಯ ಕಡೆಯ ಬೋಲ್ಟುಗಳು ಆಮೇಲೆ. ತಿರುಗುವ ಅಚ್ಚಿನ ಎತ್ತರಕ್ಕೆ ಎಂಜಿನ್ನಿನ ನಡುಭಾಗ ಬರುವಂತೆ ತೋಳು ಹೊಂದಿಸದಿದ್ದರೆ ಲಾಕು ಪಿನ್ನು ತೆಗೆದ ಕೂಡಲೇ ಅದು ತಾನಾಗಿ ಮಗುಚುತ್ತದೆ. ಚೈನನ್ನು ಒಮ್ಮೆಲೇ ಬಿಡದೆ, ಭಾರ ಅರ್ಧ ಸ್ಟ್ಯಾಂಡಿಗೆ ಬಂದಾಗ ನಿಲ್ಲಿಸಿ, ಬ್ಲಾಕಿಗೂ ತೋಳಿಗೂ ನಡುವೆ ಕಾಗದ ತೂರುವ ಸಂದಿದೆಯೇ ಎಂದು ನೋಡಬೇಕು. ಒಂದೆರಡು ಸಲ ತಿರುಗಿಸಿದ ಮೇಲೆ ನಾಲ್ಕಕ್ಕೂ ಮತ್ತೆ ಪಾನಾ ಹಾಕಬೇಕು.

ಗೂಡಲೂರಿನ ಆ ಹಿರಿಯರು ಕೆಲಸ ಮುಗಿದ ಬೋಲ್ಟುಗಳನ್ನು ಡಬ್ಬಿಗೆ ಎಸೆಯುವುದಿಲ್ಲ. ಇಂಚಿನದಕ್ಕೆ ತಲೆಯ ಮೇಲೆ ಕೆಂಪು ಪೇಂಟು, ಮೆಟ್ರಿಕ್ಕಿನದಕ್ಕೆ ನೀಲಿ. ನಾಲ್ಕು ನಾಲ್ಕನ್ನು ತಂತಿಯಲ್ಲಿ ಪೋಣಿಸಿ, ಗೋಡೆಯ ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಎಂಜಿನ್ನಿನ ಹೆಸರು ಬರೆಯುತ್ತಾರೆ. ಪ್ಯೂಜೊ ಮೊಳೆಯ ಬೋಲ್ಟುಗಳು ಎಷ್ಟೋ ಸಲ ಏರಿ ಇಳಿದು ನುಣುಪಾಗಿವೆ. ಥ್ರೆಡ್ಡಿನ ಹಲ್ಲು ಚೂಪು ಕಳೆದುಕೊಂಡ ದಿನ ಅವನ್ನು ತೆಗೆದು ಹೊಸದು ಪೋಣಿಸುವುದೂ ಅವರ ಲೆಕ್ಕದಲ್ಲಿದೆ.